ಟ್ಯಾಬ್ಲೆಟ್‌ಗೆ ಹಾರ್ಡ್ ಡಿಸ್ಕ್: ಪವರ್ ಇರುವ ಅಡಾಪ್ಟರ್ ವರ್ಷಗಟ್ಟಲೆ ಬಳಸಿದ ಮೇಲೆ

ಟ್ಯಾಬ್ಲೆಟ್‌ಗೆ ಹಾರ್ಡ್ ಡಿಸ್ಕ್ ಹಾಕಿದ್ರೂ ತೋರಿಸ್ತಿಲ್ಲ ಅಂತ ಯಾರೇ ಹೇಳಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಡಿಸ್ಕ್‌ಗೆ ಕರೆಂಟ್ ಎಲ್ಲಿಂದ ಬರ್ತಿದೆ? ಟ್ಯಾಬ್ಲೆಟ್ ಸರಿ ಇಲ್ಲ, ಡಿಸ್ಕ್ ಕೆಟ್ಟಿದೆ, ಆ್ಯಪ್ ಬೇರೆ ಬೇಕು ಅಂತ ಜನ ಸುಮ್ನೆ ಒದ್ದಾಡುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ಪವರ್‌ನಲ್ಲಿ. ಫೋಟೋ, ವಿಡಿಯೊ ಬ್ಯಾಕಪ್ ಎಲ್ಲ ಟ್ಯಾಬ್ಲೆಟ್‌ನಲ್ಲೇ ಮಾಡಿಕೊಳ್ಳುವ ನನಗೆ ಇದು ವರ್ಷಗಳಿಂದ ದಿನನಿತ್ಯದ ವಿಷಯ.

ಲೆಕ್ಕ ಸರಳ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್. ಯುಎಸ್‌ಬಿ 3.0 ಆದರೆ 900 ಮಿಲಿಆಂಪಿಯರ್, 4.5 ವ್ಯಾಟ್. ಪೆನ್‌ಡ್ರೈವ್‌ಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಜೇಬಿನಲ್ಲಿ ಹಿಡಿಸುವ 2.5 ಇಂಚಿನ ಹಾರ್ಡ್ ಡಿಸ್ಕ್‌ನೊಳಗೆ ಮೋಟಾರ್ ಇದೆ. ಅದು ತಿರುಗಲು ಶುರುವಾಗುವ ಆ ಕ್ಷಣಕ್ಕೆ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಅಷ್ಟು ಸಿಗದಿದ್ದರೆ ಏನಾಗುತ್ತದೆ ಅಂತ ಕಿವಿಗೊಟ್ಟು ಕೇಳಿದರೇ ಗೊತ್ತಾಗುತ್ತದೆ. ಲೈಟ್ ಹತ್ತುತ್ತದೆ, ಮೋಟಾರ್ ಸಣ್ಣಗೆ ಗುಂಯ್ ಎನ್ನುತ್ತದೆ, ಟಿಕ್ ಎಂದು ಒಂದು ಸದ್ದು, ನಿಲ್ಲುತ್ತದೆ. ಮತ್ತೆ ಗುಂಯ್, ಮತ್ತೆ ಟಿಕ್. ಈ ಸದ್ದು ಕೇಳಿಸಿದ ತಕ್ಷಣ ಡಿಸ್ಕ್ ತೆಗೆದುಬಿಡಿ. ಹಾಗೆಯೇ ಬಿಟ್ಟರೆ ಡಿಸ್ಕ್‌ಗೆ ಒಳ್ಳೆಯದಲ್ಲ. ಮೇಜಿನ ಮೇಲಿಡುವ 3.5 ಇಂಚಿನ ದೊಡ್ಡ ಡಿಸ್ಕ್‌ಗಂತೂ 12 ವೋಲ್ಟ್ ಬೇಕು. ಅದರ ಸ್ವಂತ ಅಡಾಪ್ಟರ್ ಇಲ್ಲದೆ ಅದು ಅಲುಗಾಡುವುದೇ ಇಲ್ಲ.

ನಾನು ಮೊದಲು ಬಳಸಿದ್ದು ಆಪಲ್‌ನ ಲೈಟ್ನಿಂಗ್ ಟು ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ (ಲೈಟ್ನಿಂಗ್ ಅಂದರೆ ಹಳೆಯ ಐಪ್ಯಾಡ್‌ಗಳ ಚಾರ್ಜಿಂಗ್ ಪೋರ್ಟ್). ಹೆಸರಿನಲ್ಲಿ ಕ್ಯಾಮೆರಾ ಅಂತಿದ್ದರೂ 2019ರಲ್ಲಿ ಐಪ್ಯಾಡ್‌ಒಎಸ್ 13 ಬಂದು ಫೈಲ್ಸ್ ಆ್ಯಪ್‌ನಲ್ಲಿ ಹೊರಗಿನ ಡ್ರೈವ್ ತೆರೆಯಲು ಆದ ಮೇಲೆ ಇದರ ನಿಜವಾದ ಉಪಯೋಗ ಗೊತ್ತಾಯಿತು. ಯುಎಸ್‌ಬಿ ಪೋರ್ಟ್ ಪಕ್ಕದಲ್ಲೇ ಒಂದು ಲೈಟ್ನಿಂಗ್ ಪೋರ್ಟ್ ಇದೆ, ಚಾರ್ಜರ್ ಅಲ್ಲಿಗೆ ಹೋಗಬೇಕು. ಚಾರ್ಜರ್ ಇಲ್ಲದೆ ಡಿಸ್ಕ್ ಹಾಕಿದರೆ ಈ ಸಾಧನಕ್ಕೆ ಜಾಸ್ತಿ ಪವರ್ ಬೇಕು ಎಂಬ ಸಂದೇಶ ಬರುತ್ತದೆ. ಒಳ್ಳೆಯ ಚಾರ್ಜರ್ ಹಾಕಿ, ಅದೇ ಡಿಸ್ಕ್ ಕೆಲಸ ಮಾಡುತ್ತದೆ. ನಂಬಿಕಸ್ತ ವಸ್ತು. ಕೊರತೆ ಎಂದರೆ ವೇಗ. ಕೆಲವು ಪ್ರೊ ಮಾದರಿಗಳನ್ನು ಬಿಟ್ಟರೆ ಲೈಟ್ನಿಂಗ್ ಐಪ್ಯಾಡ್‌ಗಳು ಯುಎಸ್‌ಬಿ 2 ವೇಗದಲ್ಲೇ ಓಡುತ್ತವೆ. ಅಂದರೆ ಸೆಕೆಂಡಿಗೆ 35-40 ಎಂಬಿ. 100 ಜಿಬಿ ವಿಡಿಯೊ ಸಾಗಿಸಲು ಮುಕ್ಕಾಲು ಗಂಟೆ ಬೇಕು.

ಈಗ ಬಳಸುತ್ತಿರುವುದು ಯುಎಸ್‌ಬಿ-ಸಿ ಹಬ್, ಅಂದರೆ ಟ್ಯಾಬ್ಲೆಟ್‌ನ ಒಂದು ಪೋರ್ಟನ್ನು ಹಲವು ಪೋರ್ಟ್ ಮಾಡುವ ಡಬ್ಬಿ. ಇಲ್ಲಿ ಎರಡು ಜಾತಿ ಇವೆ, ಕೊಳ್ಳುವಾಗ ಇದನ್ನೊಂದು ಸರಿಯಾಗಿ ನೋಡಿಕೊಳ್ಳಿ. ಒಂದು, ಗೋಡೆಗೆ ಚುಚ್ಚುವ ತನ್ನದೇ ಅಡಾಪ್ಟರ್ ಇರುವ ಹಬ್. ಇದು ಡಿಸ್ಕ್‌ಗೆ ಹೊಟ್ಟೆ ತುಂಬಾ ಕರೆಂಟ್ ಕೊಡುತ್ತದೆ, ಆದರೆ ಎಷ್ಟೋ ಹಬ್‌ಗಳು ಟ್ಯಾಬ್ಲೆಟ್ ಚಾರ್ಜ್ ಮಾಡುವುದಿಲ್ಲ. ದೊಡ್ಡ ಕಾಪಿ ನಡೆಯುವಾಗ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಇನ್ನೊಂದು, ಪವರ್ ಡೆಲಿವರಿ ಪಾಸ್‌ಥ್ರೂ ಇರುವ ಹಬ್. ಚಾರ್ಜರ್ ಹಬ್‌ಗೆ, ಹಬ್ ಟ್ಯಾಬ್ಲೆಟ್‌ಗೆ. ನಡುವೆ ಹಬ್ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದೆ ಕಳಿಸುತ್ತದೆ. ಹಾಗಾಗಿ ಇದಕ್ಕೆ ಫೋನಿನ ಹಳೆಯ 5 ವ್ಯಾಟ್ ಚಾರ್ಜರ್ ಹಾಕಿ ಪ್ರಯೋಜನವಿಲ್ಲ. ನನ್ನ ಪ್ರಕಾರ 30 ವ್ಯಾಟ್‌ಗಿಂತ ಕಡಿಮೆ ಬೇಡ. ಇನ್ನೊಂದು ಮಾತು, ಪಿಡಿ (ಪವರ್ ಡೆಲಿವರಿ) ಎಂದು ಬರೆದಿರುವ ಪೋರ್ಟ್ ಎಷ್ಟೋ ಹಬ್‌ಗಳಲ್ಲಿ ಬರೀ ಚಾರ್ಜಿಂಗ್‌ಗೆ. ಅದರಲ್ಲಿ ಎಸ್‌ಎಸ್‌ಡಿ (ಮೋಟಾರ್ ಇಲ್ಲದೆ ಚಿಪ್‌ನಲ್ಲೇ ಫೈಲ್ ಇಡುವ ಡ್ರೈವ್) ಚುಚ್ಚಿದರೆ ಏನೂ ಕಾಣುವುದಿಲ್ಲ.

ಪಾಸ್‌ಥ್ರೂ ಹಬ್‌ಗಳ ಬಗ್ಗೆ ನನಗೆ ಇರುವ ದೊಡ್ಡ ದೂರು ಬೇರೆ. ಡಿಸ್ಕ್ ಓಡುತ್ತಿರುವಾಗ ಚಾರ್ಜರ್ ಕಿತ್ತರೆ, ಅಥವಾ ಹೊಸದಾಗಿ ಹಾಕಿದರೆ, ಅಗ್ಗದ ಹಬ್‌ಗಳು ಪವರ್ ಬದಲಾಯಿಸಿಕೊಳ್ಳುವ ಆ ಒಂದು ಗಳಿಗೆಯಲ್ಲಿ ಎಲ್ಲವನ್ನೂ ಕೈಬಿಡುತ್ತವೆ. ಡಿಸ್ಕ್ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗುತ್ತದೆ. ಕರೆಂಟ್ ಹೋದರೂ ಇದೇ ಕಥೆ. ಓದುತ್ತಿದ್ದರೆ ಪರವಾಗಿಲ್ಲ, ಬರೆಯುತ್ತಿದ್ದರೆ ಅರ್ಧ ಫೈಲ್ ಉಳಿಯುತ್ತದೆ. ಡಿಸ್ಕ್‌ನ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ಗೆ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ, ಇಲ್ಲದ ಕಾರಣ ಕೆಲವೊಮ್ಮೆ ಇಡೀ ಫೋಲ್ಡರೇ ಕೆಡಬಹುದು. ನಾನು ಬಳಸಿದ ಒಂದು ಹಬ್ ಹೀಗೇ ಮಾಡುತ್ತಿತ್ತು. ಫೈಲಿನ ಹೆಸರು ಇದೆ, ಸೈಜ್ ಮಾತ್ರ ಸೊನ್ನೆ. ಅದನ್ನು ಈಗ ಕೀಬೋರ್ಡ್, ಮೌಸ್‌ಗೆ ಮಾತ್ರ ಇಟ್ಟಿದ್ದೇನೆ. ಹೊಸ ಹಬ್ ತಂದಾಗ ಮೊದಲ ದಿನವೇ ಪರೀಕ್ಷೆ ಮಾಡಿ: ಖಾಲಿ ಪೆನ್‌ಡ್ರೈವ್ ಹಾಕಿ, ಬೇಡದ ವಿಡಿಯೊ ಒಂದನ್ನು ಕಾಪಿಗೆ ಬಿಟ್ಟು ಚಾರ್ಜರ್ ಕಿತ್ತು ನೋಡಿ. ಕಾಪಿ ನಿಂತರೆ ವಾಪಸ್ ಕೊಡುವುದೇ ವಾಸಿ. ಇಟ್ಟುಕೊಳ್ಳಲೇಬೇಕು ಅಂದರೆ ಮೊದಲು ಚಾರ್ಜರ್, ಆಮೇಲೆ ಡಿಸ್ಕ್, ಕೆಲಸ ಮುಗಿಯುವವರೆಗೆ ಯಾವುದನ್ನೂ ಮುಟ್ಟಬಾರದು.

ಫಾರ್ಮ್ಯಾಟ್ ವಿಷಯದಲ್ಲಿ ಎಕ್ಸ್‌ಫ್ಯಾಟ್ ಸಾಕು. ಫ್ಯಾಟ್32 ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ 4 ಜಿಬಿ ದಾಟಿದ ಒಂದೇ ಫೈಲ್ ಅದಕ್ಕೆ ಹಿಡಿಸುವುದಿಲ್ಲ, ವಿಡಿಯೊ ಮಾಡುವವರಿಗೆ ಅದು ಆಗಿ ಬರಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಟ್ಯಾಬ್ಲೆಟ್ ನಂಬಿ ತರಬೇಡಿ. ಆಂಡ್ರಾಯ್ಡ್‌ನಲ್ಲಿ ಅದು ನಡೆಯುತ್ತದೋ ಇಲ್ಲವೋ ಎನ್ನುವುದು ತಯಾರಕರ ಮೇಲೆ ಹೋಗುತ್ತದೆ.

ಯುಎಸ್‌ಬಿ-ಸಿ ಇದ್ದ ಮಾತ್ರಕ್ಕೆ ವೇಗ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. 2022ರ ಹತ್ತನೇ ತಲೆಮಾರಿನ ಐಪ್ಯಾಡ್‌ನ ಸಿ ಪೋರ್ಟ್ ಯುಎಸ್‌ಬಿ 2 ವೇಗದ್ದೇ. 2021ರ ಎಂ1 ಐಪ್ಯಾಡ್ ಪ್ರೊನಲ್ಲಿ ಅದೇ ಆಕಾರದ ಪೋರ್ಟ್ ಸೆಕೆಂಡಿಗೆ 40 ಗಿಗಾಬಿಟ್‌ವರೆಗೆ ಹೋಗುತ್ತದೆ. ಮೊದಲನೆಯದಕ್ಕೆ ದುಬಾರಿ ಎಸ್‌ಎಸ್‌ಡಿ ಕೊಂಡು ಏನು ಸಿಗುತ್ತದೆ, ಅಲ್ವಾ? ಆದರೂ ಮೋಟಾರ್ ಇಲ್ಲದ ಕಾರಣಕ್ಕೆ ನಾನು ಎಸ್‌ಎಸ್‌ಡಿಯನ್ನೇ ಹೇಳುತ್ತೇನೆ. ಸಣ್ಣ ಎಸ್‌ಎಸ್‌ಡಿಗಳು ಎಷ್ಟೋ ಸಲ ಅಡಾಪ್ಟರ್ ಇಲ್ಲದೆ ನೇರವಾಗಿಯೇ ಓಡುತ್ತವೆ. ಒಂದೇ ಸಮ ತುಂಬಾ ಹೊತ್ತು ಬರೆಯುವಾಗ ಮಾತ್ರ ಅವೂ ಕರೆಂಟ್ ಜಾಸ್ತಿ ಕೇಳುತ್ತವೆ, ಬಿಸಿಯೂ ಆಗುತ್ತವೆ. ಆಗ ಹಬ್ ಇದ್ದರೆ ನೆಮ್ಮದಿ.

ಐಪ್ಯಾಡ್ ಬಳಸುವವರಿಗೆ ಇನ್ನೊಂದು. ಲಾಕ್ ಆಗಿ ಒಂದು ಗಂಟೆ ದಾಟಿದ್ದರೆ, ಡಿಸ್ಕ್ ಚುಚ್ಚಿದಾಗ ಅನ್‌ಲಾಕ್ ಮಾಡಿ ಎಂದು ಅದು ಕೇಳಬಹುದು. ಅದು ದೋಷವಲ್ಲ, ಭದ್ರತೆಗೆ ಇಟ್ಟದ್ದು. ದೊಡ್ಡ ಕಾಪಿ ಇದ್ದಾಗ ನಾನು ಆಟೋ-ಲಾಕ್ ಅನ್ನು ನೆವರ್‌ಗೆ ಹಾಕಿ, ಫೈಲ್ಸ್ ಆ್ಯಪ್ ತೆರೆದೇ ಇಡುತ್ತೇನೆ. ಮುಗಿದ ಮೇಲೆ ಡಿಸ್ಕ್‌ನಲ್ಲಿರುವ ಕೊನೆಯ ಎರಡು-ಮೂರು ಫೈಲ್‌ಗಳನ್ನು ತೆರೆದು ಓಡಿಸಿ ನೋಡುತ್ತೇನೆ. ಅವು ಸರಿಯಿದ್ದರೆ ಮಾತ್ರ ಟ್ಯಾಬ್ಲೆಟ್‌ನಿಂದ ಅಳಿಸುವುದು.