ಓದುವ ಹುಡುಗನ ಬೇಸ್‌ಬಾಲ್: ಟೂರ್ನಿಯೋ, ಶೋಕೇಸೋ, ಕಾಲೇಜಿನ ಕ್ಯಾಂಪೋ?

ನಮ್ಮ ದೊಡ್ಡ ಮಗ ಹೈಸ್ಕೂಲಿನ 2026ರ ಬ್ಯಾಚು. ಓದಿದ್ದು ನ್ಯೂಜೆರ್ಸಿಯಲ್ಲಿ. ಬೇಸ್‌ಬಾಲ್‌ನಲ್ಲಿ ಸೆಕೆಂಡ್ ಬೇಸ್ ಜಾಗದಲ್ಲಿ ಆಡುತ್ತಾನೆ, ಎಡಗೈ ಬ್ಯಾಟು. ಮಾರ್ಕ್ಸ್ ತುಂಬಾ ಚೆನ್ನಾಗಿವೆ. ಆಟವೂ ಚೆನ್ನಾಗಿದೆ, ಆದರೆ ಟಿವಿಯಲ್ಲಿ ಬರುವ ದೊಡ್ಡ ಡಿವಿಷನ್ 1 (ಕಾಲೇಜು ಆಟದ ಮೇಲಿನ ಹಂತ) ತಂಡಗಳು ಹುಡುಕಿಕೊಂಡು ಬರುವಷ್ಟಲ್ಲ. ಇಂಥ ಮಕ್ಕಳು ಈಗ ನಮ್ಮ ಕನ್ನಡ ಕೂಟದ ಮನೆಗಳಲ್ಲೂ ಇದ್ದಾರೆ. ಮೊನ್ನೆ ಒಬ್ಬರು ಫೋನ್ ಮಾಡಿ, "ಅಕ್ಕಾ, ಎಲ್ಲದಕ್ಕೂ ದುಡ್ಡು ಕಟ್ಟೋಕಾಗಲ್ಲ, ಯಾವುದಕ್ಕೆ ಹೋಗೋಣ ಹೇಳಿ" ಅಂದರು. ಕಾಲೇಜು ತಂಡದ ಕೋಚ್‌ಗಳ ಕಣ್ಣಿಗೆ ಬೀಳಲು ಇರುವ ಮೂರು ದಾರಿಯನ್ನೂ ಎರಡು ಬೇಸಿಗೆ ಹಿಡಿದು ನೋಡಿದ ಮೇಲೆ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಹೋದದ್ದು ದೊಡ್ಡ ಟೂರ್ನಿಗೆ. ಟ್ರಾವೆಲ್ ತಂಡದ (ಊರೂರು ಸುತ್ತಿ ಆಡುವ ಖಾಸಗಿ ತಂಡ) ಜೊತೆ ಜಾರ್ಜಿಯಾವರೆಗೆ ಹದಿಮೂರು ಗಂಟೆ ಡ್ರೈವ್, ಐದು ರಾತ್ರಿ ಹೋಟೆಲು. ಒಂದು ಪಂದ್ಯದಲ್ಲಿ ನೆಟ್ ಹಿಂದೆ ಆರೇಳು ಕಾಲೇಜು ಕೋಚ್‌ಗಳು ಎಸೆತದ ವೇಗ ಅಳೆಯುವ ರೇಡಾರ್ ಗನ್ ಹಿಡಿದು ಕೂತಿದ್ದರು. ನನಗೆ ಎಷ್ಟು ಖುಷಿ! ಆದರೆ ಅವರು ಬಂದಿದ್ದು ಎದುರು ತಂಡದ ಪಿಚರ್‌ಗಾಗಿ, ಅಂದರೆ ಬಾಲ್ ಎಸೆಯುವ ಹುಡುಗನಿಗಾಗಿ. ನಾಲ್ಕನೇ ಇನಿಂಗ್ಸ್ ಮುಗಿಸಿ ಅವನು ಇಳಿದ, ಇವರೆಲ್ಲ ಕುರ್ಚಿ ಮಡಚಿಕೊಂಡು ಎದ್ದರು. ನನ್ನ ಮಗ ಡಬಲ್ (ಒಂದೇ ಹೊಡೆತಕ್ಕೆ ಎರಡನೇ ಬೇಸ್ ತಲುಪುವುದು) ಹೊಡೆದದ್ದು ಐದನೇ ಇನಿಂಗ್ಸ್‌ನಲ್ಲಿ.

ಅದು ಕೋಚ್‌ಗಳ ತಪ್ಪಲ್ಲ. ಅವರು ಹೆಸರು ಬರೆದುಕೊಂಡೇ ಬಂದಿರುತ್ತಾರೆ. ಅದರ ಮೇಲೆ 2025ರಲ್ಲಿ ಹೊಸ ನಿಯಮ ಬಂತು. ಆಟಗಾರರಿಗೆ ಹಣ ಕೊಡುವ ಬಗ್ಗೆ ಆದ ಕೋರ್ಟ್ ಒಪ್ಪಂದಕ್ಕೆ ಸೇರಿದ ಡಿವಿಷನ್ 1 ಕಾಲೇಜುಗಳ ಬೇಸ್‌ಬಾಲ್ ತಂಡದಲ್ಲಿ 34 ಜನ ಮಾತ್ರ ಇರಬಹುದು. ಕಾಲೇಜು ಬದಲಾಯಿಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಇಪ್ಪತ್ತೊಂದು, ಇಪ್ಪತ್ತೆರಡರ ಪಳಗಿದ ಹುಡುಗರು ಸಿಗುವಾಗ ಹದಿನೇಳರ ಹುಡುಗನಿಗೆ ಜಾಗ ಎಲ್ಲಿಂದ ಬರಬೇಕು? ಟೂರ್ನಿಯಿಂದ ಮಗನ ಆಟ ಸುಧಾರಿಸಿತು, ಅದು ನಿಜ. ಕೋಚ್ ಮಾತ್ರ ಒಬ್ಬರೂ ಸಿಗಲಿಲ್ಲ.

ಎರಡನೆಯದು ಓದುವ ಮಕ್ಕಳಿಗೆಂದೇ ಮಾಡುವ ಶೋಕೇಸ್, ಅಂದರೆ ಹಲವು ಕಾಲೇಜುಗಳ ಕೋಚ್‌ಗಳ ಮುಂದೆ ಆಟ ತೋರಿಸುವ ಶಿಬಿರ. ಹೆಡ್‌ಫಸ್ಟ್, ಶೋಬಾಲ್ ಥರದ ಕಂಪನಿಗಳು ನಡೆಸುವಂಥವು. ಇಂಥದ್ದೊಂದಕ್ಕೆ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಹೋದೆವು. ಎರಡು ದಿನ. ಫೀಸು, ಹೋಟೆಲು ಸೇರಿದರೆ ಸಾವಿರ ಡಾಲರ್ ದಾಟುತ್ತದೆ, ಸಣ್ಣ ಮೊತ್ತವೇನಲ್ಲ. ಮೊದಲು 60 ಗಜದ ಓಟ, ಎಸೆತದ ವೇಗ, ಬ್ಯಾಟಿಂಗ್, ಆಮೇಲೆ ಪಂದ್ಯ. ಇಲ್ಲಿ ಕೋಚ್‌ಗಳು ನೆಟ್ ಹಿಂದೆ ಕೂರುವುದಿಲ್ಲ, ಆಟಗಾರರು ಕೂರುವ ಡಗೌಟ್‌ನಲ್ಲಿ ಮಕ್ಕಳ ಜೊತೆಗೇ ಇರುತ್ತಾರೆ. ನನ್ನ ಮಗ ಮೊದಲ ಬಾಲನ್ನೇ ಫಸ್ಟ್ ಬೇಸ್‌ನಲ್ಲಿದ್ದ ಹುಡುಗನ ತಲೆ ಮೇಲೆ ಎಸೆದುಬಿಟ್ಟ. ಇನಿಂಗ್ಸ್ ಮುಗಿಸಿ ಬಂದಾಗ ಒಬ್ಬ ಕೋಚ್ ಪಕ್ಕದಲ್ಲಿ ಕೂತು ಕೇಳಿದ್ದು ಆ ಎಸೆತದ ಬಗ್ಗೆ ಅಲ್ಲ, "ಮುಂದಿನ ವರ್ಷ ಯಾವ ಮ್ಯಾಥ್ಸ್ ತಗೊಳ್ತಿದ್ದೀಯಾ?" ಅಂತ. ಇವನು "ಕ್ಯಾಲ್ಕುಲಸ್ ಬಿಸಿ" ಅಂದ, ಹೈಸ್ಕೂಲಿನ ಕಷ್ಟದ ಮ್ಯಾಥ್ಸ್ ಕ್ಲಾಸು ಅದು. ಕೋಚ್ ಕೈಯಲ್ಲಿದ್ದ ಹಾಳೆಯಲ್ಲಿ ಇವನ ನಂಬರಿನ ಎದುರು ಏನೋ ಬರೆದುಕೊಂಡರು. ಬೇಲಿ ಹೊರಗೆ ನಿಂತಿದ್ದ ನನಗೆ ಆ ಪೆನ್ನು ಆಡಿದ್ದು ಕಂಡಿತು.

ಆ ಪ್ರಶ್ನೆಗೆ ಯಾಕಷ್ಟು ಬೆಲೆ ಅಂದರೆ, ಡಿವಿಷನ್ 3 ಹಂತದ ಕಾಲೇಜುಗಳಲ್ಲಿ ಆಟದ ಸ್ಕಾಲರ್‌ಶಿಪ್ಪೇ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಡಿವಿಷನ್ 1 ಆದರೂ ಅಲ್ಲೂ ಇಲ್ಲ. ಅಲ್ಲಿನ ಕೋಚ್ ಕೊಡಬಹುದಾದದ್ದು ಅಡ್ಮಿಷನ್ ಆಫೀಸಿನಲ್ಲಿ ಒಂದು ಒಳ್ಳೆಯ ಮಾತು. ವಿಲಿಯಮ್ಸ್, ಆಮ್ಹರ್ಸ್ಟ್, ಟಫ್ಟ್ಸ್ ಇರುವ ನೆಸ್ಕ್ಯಾಕ್ ಎಂಬ ಡಿವಿಷನ್ 3 ಕಾಲೇಜುಗಳ ಗುಂಪಿನಲ್ಲಿ ಹನ್ನೊಂದನೇ ಕ್ಲಾಸ್ ಮುಗಿದ ಜುಲೈಯಿಂದ 'ಪ್ರೀ-ರೀಡ್' ನಡೆಯುತ್ತದೆ. ಕೋಚ್ ಮಗುವಿನ ಮಾರ್ಕ್ಸ್ ತೆಗೆದುಕೊಂಡು ಹೋಗಿ ಆಫೀಸಿಗೆ ತೋರಿಸುತ್ತಾರೆ, ಅವರು ನೋಡಿ ಅಂದಾಜು ಹೇಳುತ್ತಾರೆ. ಅದು ಸೀಟಲ್ಲ, ಆದರೂ ದೊಡ್ಡ ಸೂಚನೆ. ಎಂಐಟಿಯಂಥ ಕಡೆ ಕೋಚ್ ಬೆಂಬಲ ಹೇಳಬಹುದು ಅಷ್ಟೇ, ಸೀಟು ಅವರ ಕೈಯಲ್ಲಿಲ್ಲ. ಹಾಗಾಗಿ ಯಾವ ಕೋಚ್ ಸಿಹಿ ಮಾತಾಡಿದರೂ ಒಂದೇ ಪ್ರಶ್ನೆ ಕೇಳಿ: "ನನ್ನ ಪ್ರೀ-ರೀಡ್ ಮಾಡಿಸುತ್ತೀರಾ?" ಅಮ್ಮ ಅಪ್ಪ ಅಲ್ಲ, ಮಗುವೇ ಕೇಳಬೇಕು.

ಮೂರನೆಯದು ಒಂದೊಂದು ಕಾಲೇಜು ತನ್ನದೇ ಮೈದಾನದಲ್ಲಿ ಮಾಡುವ ಒಂದು ದಿನದ ಕ್ಯಾಂಪ್. ಖರ್ಚು ಎಷ್ಟೋ ಕಮ್ಮಿ. ಇಲ್ಲೇ ನಾವು ಒಂದು ಸಲ ಮೋಸ ಹೋದೆವು. "ನಿನ್ನನ್ನು ನೋಡಲು ಕಾತರದಿಂದಿದ್ದೇವೆ" ಅಂತ ಇಮೇಲ್ ಬಂತು ಅಂತ ನಾಲ್ಕು ಗಂಟೆ ಡ್ರೈವ್ ಮಾಡಿ ಹೋದರೆ, ಅದೇ ಇಮೇಲ್ ಅಲ್ಲಿದ್ದ ಎಲ್ಲ ಮಕ್ಕಳಿಗೂ ಬಂದಿತ್ತು. ಮಗ ವಾಪಸು ಬರುವಾಗ ಕಾರಿನಲ್ಲಿ ಮಾತೇ ಆಡಲಿಲ್ಲ. ಆಮೇಲಿಂದ ಕೋಚ್‌ಗಳಿಗೆ ನಾವೇ ಮೊದಲು ಇಮೇಲ್ ಬರೆದೆವು. ವಿಷಯದ ಸಾಲಿನಲ್ಲೇ ಬ್ಯಾಚು, ಆಡುವ ಜಾಗ, ಜಿಪಿಎ (ಸ್ಕೂಲಿನ ಸರಾಸರಿ ಅಂಕ), ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ. ಒಳಗೆ ನಾಲ್ಕು ಸಾಲು, ಒಂದೂವರೆ ನಿಮಿಷದ ವಿಡಿಯೋ. ಕೋಚ್ ಮಗನ ಹೆಸರು ಹಿಡಿದು ಉತ್ತರ ಬರೆದ ಕಡೆಗೆ ಮಾತ್ರ ಕ್ಯಾಂಪಿಗೆ ಹೋದೆವು. ಅಂಥವು ಎರಡೇ ಸಿಕ್ಕವು. ಮಗ ಈಗ ಸೇರುತ್ತಿರುವುದು ಆ ಎರಡರಲ್ಲಿ ಒಂದಕ್ಕೆ. ಶೋಕೇಸ್‌ನಲ್ಲಿ ಕ್ಯಾಲ್ಕುಲಸ್ ಕೇಳಿದ್ದರಲ್ಲ, ಅದೇ ಕೋಚ್.

ಫೋನ್ ಮಾಡಿದ ತಂಗಿಗೆ ಹೇಳಿದ್ದು ಇಷ್ಟು. ನಿಮ್ಮ ಹುಡುಗ ಗಂಟೆಗೆ 90 ಮೈಲಿ ಎಸೆಯುವ ಪಿಚರ್ ಆದರೆ ಜಾರ್ಜಿಯಾಕ್ಕೆ ಹೋಗಿ. ಅಲ್ಲದಿದ್ದರೆ ಟೂರ್ನಿ ಹತ್ತಿರದವೇ ಸಾಕು. ಆ ದುಡ್ಡಿನಲ್ಲಿ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಗೆ ಒಂದೇ ಒಂದು ಶೋಕೇಸ್, ಎರಡು ಕಾಲೇಜಿನ ಕ್ಯಾಂಪ್. ಎಸ್‌ಎಟಿ ಅದಕ್ಕೆ ಮುಂಚೆಯೇ ಮುಗಿದಿರಲಿ. ಜುಲೈನಲ್ಲಿ ಕೋಚ್ ಕೇಳಿದಾಗ ನಂಬರ್ ಕೈಯಲ್ಲಿರಬೇಕು, ಅಲ್ವಾ? ಹೋಗುವ ಮುಂಚೆ ಆ ಕಾಲೇಜಿನ ತಂಡದ ಪಟ್ಟಿ ತೆಗೆದು, ಸೆಕೆಂಡ್ ಬೇಸ್‌ನಲ್ಲಿ ಯಾರಿದ್ದಾರೆ, ಯಾವ ವರ್ಷ ಮುಗಿಸುತ್ತಾರೆ ಅಂತ ನೋಡಿಕೊಳ್ಳಿ. ನಮಗೆ ಅದು ಗೊತ್ತಾದದ್ದು ತಡವಾಗಿ. ಈಗ ಒಂಬತ್ತನೇ ಕ್ಲಾಸಿನ ಚಿಕ್ಕವನಿಗೆ ಆ ಪಟ್ಟಿ ನೋಡಿ ಕೊಡುತ್ತಿರುವವನು ಅವನ ಅಣ್ಣ.