5 ನಂಬರಿನ ಫ್ಲೈ ರಾಡ್ ಕಿಟ್: ಕೋಲು ಇಟ್ಟುಕೊಳ್ಳಿ, ದಾರ ಬದಲಿಸಿ

ಬಾಗಲಕೋಟೆಯ ಹಿನ್ನೀರಿನಲ್ಲಿ ಕೈ ಪಳಗಿಸಿಕೊಂಡು ಅಕ್ಟೋಬರಿನಲ್ಲಿ ಹಿಮಾಚಲದ ತೀರ್ಥನ್ ಹೊಳೆಗೆ ಟ್ರೌಟ್ (ತಣ್ಣೀರಿನ ಮೀನು) ಹಿಡಿಯಲು ಹೊರಡುವವರಿಗೆ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ ಸಾಮಾನು ಇದು. 9 ಅಡಿಯ ನಾಲ್ಕು ತುಂಡಿನ ಗ್ರಾಫೈಟ್ ಕೋಲು, ರೀಲ್, ಅದಕ್ಕೆ ಮೊದಲೇ ಸುತ್ತಿದ ಲೈನ್ (ಬೀಸುವ ದಾರ), ಒಂದು ಡಬ್ಬಿ ಫ್ಲೈ (ಹುಳುವಿನಂತೆ ಕಾಣುವ ಹಗುರ ಗಾಳ). ಕೋಲು ನಿಜಕ್ಕೂ ಒಳ್ಳೆಯದು, ನಡುವಿನವರೆಗೆ ಹದವಾಗಿ ಬಾಗುತ್ತದೆ. ಕೆಲಸ ಕೆಡಿಸುವುದು ಲೈನ್.

ಫ್ಲೈಗೆ ತನ್ನದೇ ತೂಕ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ದೂರ ಒಯ್ಯುವುದು ಲೈನಿನ ಭಾರ. 5 ನಂಬರ್ ಎಂದರೆ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗಬೇಕು. ಅನುಮಾನವಿದ್ದರೆ ಬಂಗಾರದಂಗಡಿಯ ತಕ್ಕಡಿಗೆ ಹಾಕಿ ನೋಡಿ. ಕಿಟ್ಟಿನದು ಅದಕ್ಕಿಂತ ಹಗುರ, ಉದ್ದಕ್ಕೂ ಒಂದೇ ದಪ್ಪ. ಭಾರ ಸಾಲದೆ ಕೋಲು ಬಾಗುವುದಿಲ್ಲ. ಹೊಸಬರು ತೋಳಿನ ಬಲ ಹಾಕುತ್ತಾರೆ, ಹಿಂದೆ ಹೋದ ಲೈನ್ ನೆಟ್ಟಗಾಗುವ ಮುಂಚೆಯೇ ಮುಂದಕ್ಕೆ ಎಳೆಯುತ್ತಾರೆ. ಆಗ ಬಾರುಕೋಲು ಬೀಸಿದ ಹಾಗೆ ಚಟ್ ಎಂದು ಸದ್ದಾಗಿ ಫ್ಲೈ ಹರಿದು ಹೋಗುತ್ತದೆ. ಮುಂಭಾಗ ದಪ್ಪವಿರುವ ತೇಲುವ ಲೈನ್ ಬೇರೆ ಕೊಳ್ಳಿ. ಪೊಟ್ಟಣದ ಮೇಲೆ ಡಬ್ಲ್ಯೂಎಫ್5ಎಫ್ (ಮುಂಭಾಗ ಭಾರ, 5 ನಂಬರ್, ತೇಲುವಂಥದ್ದು) ಎಂದಿರಬೇಕು. ಅದರ ಅಡಿಗೆ 20 ಪೌಂಡ್ ತಡೆಯುವ ಡೇಕ್ರಾನ್ ಬ್ಯಾಕಿಂಗ್ (ಲೈನಿಗಿಂತ ಮೊದಲು ರೀಲಿಗೆ ಸುತ್ತುವ ದಾರ) 50 ಮೀಟರ್ ಸಾಕು. ರೀಲಿನ ಅಂಚಿಗೆ 5 ಮಿಲಿಮೀಟರ್ ಜಾಗ ಬಿಡಿ, ಇಲ್ಲವಾದರೆ ಲೈನ್ ಚೌಕಟ್ಟಿಗೆ ಉಜ್ಜುತ್ತದೆ.

ಲೀಡರ್ (ಲೈನಿಗೂ ಫ್ಲೈಗೂ ನಡುವಿನ ನೈಲಾನ್ ಎಳೆ) ಕೂಡ ಒರಟು. ಮಳೆಗಾಲದ ಕೆಸರು ಇಳಿದ ಮೇಲೆ ತೀರ್ಥನ್ ಹೊಳೆ ಗಾಜಿನಂತೆ ತಿಳಿಯಾಗಿರುತ್ತದೆ, ದಪ್ಪ ನೈಲಾನ್ ಕಂಡರೆ ಟ್ರೌಟ್ ಹತ್ತಿರ ಸುಳಿಯುವುದಿಲ್ಲ. ತುದಿಗೆ ಸಣ್ಣಗಾಗುತ್ತ ಹೋಗುವ 9 ಅಡಿಯ 5ಎಕ್ಸ್ ಲೀಡರ್, ಅದರ ತುದಿಗೆ 60 ಸೆಂಟಿಮೀಟರ್ 5ಎಕ್ಸ್ ಟಿಪೆಟ್ (ಫ್ಲೈ ಕಟ್ಟುವ ಕೊನೆಯ ಎಳೆ, 0.15 ಮಿಲಿಮೀಟರ್ ದಪ್ಪ) ಕಟ್ಟಿ. ಎಕ್ಸ್ ಸಂಖ್ಯೆ ಏರಿದಷ್ಟೂ ಎಳೆ ತೆಳು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣ ಗಂಟು ಬಿಸಿಯಾಗಿ ಎಳೆ ಸವೆಯುತ್ತದೆ. ಬೀಸುವಾಗ ತಾನೇ ಬಿದ್ದ ಗಂಟು ಕಂಡರೆ ಬಿಡಿಸುತ್ತ ಕೂರಬೇಡಿ, ಕತ್ತರಿಸಿ ಹೊಸ ಟಿಪೆಟ್ ಕಟ್ಟಿ.

ಡಬ್ಬಿಯಲ್ಲಿರುವ 8, 10 ನಂಬರಿನ ಫ್ಲೈ ಅಕ್ಟೋಬರಿಗೆ ದೊಡ್ಡವು; ನಂಬರ್ ಏರಿದಷ್ಟೂ ಫ್ಲೈ ಸಣ್ಣದು. 14, 16 ನಂಬರಿನ ಮಣಿತಲೆಯ ನಿಂಫ್ (ನೀರಡಿಯ ಮರಿಹುಳುವನ್ನು ಹೋಲುವ ಫ್ಲೈ) ಬೇಕು. ಬೆಳಗಿನ ನೀರು ತೀರಾ ತಣ್ಣಗಿರುವುದರಿಂದ 11ರಿಂದ 3 ಗಂಟೆಯೊಳಗೇ ಮೀನು ಚುರುಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ, ಕಂದು ಟ್ರೌಟ್ ಮೊಟ್ಟೆಯಿಡುವ ಕಾಲ ಅದು.

ದೊಡ್ಡ ಫ್ಲೈಗಳನ್ನು ಎಸೆಯಬೇಡಿ. ನಮ್ಮ ಹಿನ್ನೀರಿನ ಜಿಲೇಬಿ ಮೀನಿಗೆ 10 ನಂಬರ್ ಫ್ಲೈ, 3ಎಕ್ಸ್ ಟಿಪೆಟ್ ಸರಿಹೊಂದುತ್ತವೆ. ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ವಿಚಾರಿಸಿಕೊಂಡೇ ಇಳಿಯಿರಿ.

ರೀಲ್ ಸಾಧಾರಣ, ಆದರೂ ನಡೆಯುತ್ತದೆ. ಅರ್ಧ ಕಿಲೋದ ಮೀನನ್ನು ಹೇಗೂ ಕೈಯಿಂದಲೇ ಲೈನ್ ಎಳೆದು ತರುವುದು.

ಕೋಲಿನ ಜೋಡಣೆಗಳ ಮೇಲೆ ಮಾತ್ರ ಕಣ್ಣಿರಲಿ. ದಂಡೆಯ ಎರೆಮಣ್ಣು ಒಳಹೊಕ್ಕರೆ ತುಂಡುಗಳು ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಪ್ರತಿ ಸಲ ಒರೆಸಿ, ಮೇಣದಬತ್ತಿ ತಿಕ್ಕಿ ಜೋಡಿಸಿ. ಬೀಸುತ್ತ ಬೀಸುತ್ತ ಅವು ಸಡಿಲವಾಗುತ್ತವೆ. ಅರ್ಧ ಗಂಟೆಗೊಮ್ಮೆ ಒತ್ತಿ ನೋಡದಿದ್ದರೆ ಸಡಿಲಾದ ಜಾಗದಲ್ಲೇ ಕೋಲು ಸೀಳುತ್ತದೆ. ಹೊಸ ಲೈನನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಮೇಲಿನ ಪದರ ಹಾಳಾಗಿ ಸಣ್ಣ ಬಿರುಕು ಬಿಟ್ಟಿತೆಂದರೆ ತೇಲುವ ಲೈನ್ ಮುಳುಗತೊಡಗುತ್ತದೆ.