ಅರ್ಥವಾಗದಿದ್ದಾಗ ಕೇಳುವುದನ್ನು ಕಲಿಸುವ ಮಡಿಕೇರಿಯ ಇಂಗ್ಲಿಷ್ ತರಗತಿ

ಮಡಿಕೇರಿ ಪೇಟೆಯ ಅಂಗಡಿ ಸಾಲೊಂದರ ಮಹಡಿಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಸಂಜೆ ಹೊತ್ತು ಇಂಗ್ಲಿಷ್ ಮಾತುಗಾರಿಕೆಯ ತರಗತಿ ನಡೆಸುತ್ತಾರೆ. ಅದಕ್ಕೆ ನಾಮಫಲಕವಿಲ್ಲ, ಜಾಹೀರಾತಿಲ್ಲ. ಹೋಂಸ್ಟೇ ನಡೆಸುವವರು, ಜೀಪ್ ಓಡಿಸುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಒಬ್ಬರಿಂದೊಬ್ಬರು ಕೇಳಿ ತಿಳಿದು ಬಂದು ಸೇರುತ್ತಾರೆ. ಈ ಮಳೆಗಾಲದಲ್ಲಿ ನಾನೂ ಒಂದು ತಂಡದಲ್ಲಿ ಕುಳಿತು ಪೂರ್ತಿ ಪಾಠ ಕೇಳಿದೆ. ನಮ್ಮ ಜಿಲ್ಲೆಯಲ್ಲಿ ಇಂಗ್ಲಿಷ್ ಮಾತನಾಡಲು ಕಲಿಸುತ್ತೇವೆ ಎನ್ನುವ ತರಗತಿಗಳಿಗೆ ಕೊರತೆಯಿಲ್ಲ. ಆದರೆ ಎದುರಿನವರು ಆಡಿದ್ದು ಅರ್ಥವಾಗದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನೇ ಮೊದಲ ಪಾಠವಾಗಿ ಇಟ್ಟುಕೊಂಡ ತರಗತಿಯನ್ನು ನಾನು ಇಲ್ಲಿ ಬೇರೆಲ್ಲೂ ಕಂಡಿಲ್ಲವಾದ್ದರಿಂದ, ಅದರ ಗುಣವನ್ನೂ ಕೊರತೆಯನ್ನೂ ಬಿಡಿಸಿ ಬರೆಯಬೇಕೆನಿಸಿತು.

ಸಾಮಾನ್ಯವಾಗಿ ಇಂತಹ ತರಗತಿಗಳು ಹೆಸರು ಹೇಳಿಕೊಳ್ಳುವುದರಿಂದ ಶುರುವಾಗಿ ಊರು, ಉದ್ಯೋಗ, ಹವ್ಯಾಸಗಳನ್ನು ಬಾಯಿಪಾಠ ಮಾಡಿಸುತ್ತವೆ. ಅಷ್ಟು ಕಲಿತವರು ಪ್ರವಾಸಿಗರ ಎದುರು ನಿಂತಾಗ ತಮ್ಮ ಮಾತನ್ನು ಚೆನ್ನಾಗಿಯೇ ಒಪ್ಪಿಸುತ್ತಾರೆ, ತಿರುಗಿ ಬರುವ ಉತ್ತರ ತಿಳಿಯದೆ ಹೋದಾಗ ಮಾತ್ರ ‘ಯೆಸ್, ಯೆಸ್’ ಎಂದು ತಲೆಯಾಡಿಸಿಬಿಡುತ್ತಾರೆ. ಆ ತಲೆಯಾಟದಿಂದಲೇ ತೊಂದರೆ ಹುಟ್ಟುತ್ತದೆ ಎಂಬುದು ಈ ಶಿಕ್ಷಕಿಯ ನಂಬಿಕೆ. ಬೆಳಿಗ್ಗೆ ಐದಕ್ಕೆ ಬರಬೇಕಾದ ಜೀಪ್ ಏಳಕ್ಕೆ ಬರುವುದು, ಹಂದಿ ಮಾಂಸ ತಿನ್ನದ ಅತಿಥಿಯ ಮುಂದೆ ಪಂದಿ ಕರಿ ಬರುವುದು, ಎರಡು ಕೋಣೆ ಕೇಳಿದವರಿಗೆ ಒಂದೇ ಕೋಣೆ ಸಿಗುವುದು, ಇವೆಲ್ಲ ಇಂಗ್ಲಿಷ್ ಬಾರದ್ದರಿಂದ ಆಗುವುದಕ್ಕಿಂತ ಹೆಚ್ಚಾಗಿ, ತಿಳಿಯಲಿಲ್ಲ ಎಂದು ಹೇಳಲು ಬಾರದ್ದರಿಂದ ಆಗುತ್ತವೆ ಎಂದು ಅವರು ಮೊದಲ ದಿನವೇ ಹೇಳಿದರು. ತರಗತಿ ಮುಗಿಯುವ ಹೊತ್ತಿಗೆ ನನಗೂ ಅದು ಪೂರ್ತಿ ಮನದಟ್ಟಾಗಿತ್ತು.

ಅರ್ಥವಾಗದಿರುವುದನ್ನು ಅವರು ಮೂರು ಬಗೆಯಾಗಿ ಬಿಡಿಸುತ್ತಾರೆ. ಮಾತು ಕಿವಿಗೇ ಬೀಳದಿರುವುದು ಒಂದು. ಅದಕ್ಕೆ ‘ಸಾರಿ?’, ‘ಪಾರ್ಡನ್?’, ‘ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?’, ‘ಸಾರಿ, ಐ ಡಿಡಂಟ್ ಕ್ಯಾಚ್ ದಟ್’ ಎಂಬ ಮಾತುಗಳು ಸಾಕು. ಮಾತು ಕೇಳಿಸಿದರೂ ವೇಗಕ್ಕೆ ಹಿಡಿಯಲಾಗದಿರುವುದು ಇನ್ನೊಂದು. ಆಗ ‘ಕುಡ್ ಯು ಸ್ಪೀಕ್ ಎ ಲಿಟಲ್ ಮೋರ್ ಸ್ಲೋಲಿ, ಪ್ಲೀಸ್?’ ಎನ್ನಬೇಕು. ಪ್ರತಿ ಪದವೂ ಸ್ಪಷ್ಟವಾಗಿ ಕೇಳಿಸಿ, ಅದರ ಅರ್ಥ ಮಾತ್ರ ತಿಳಿಯದಿರುವುದು ಮೂರನೆಯದು. ಇದಕ್ಕೆ ‘ಸೇ ಅಗೇನ್’ ಎಂದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಅವರು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ, ನಮಗೆ ಮೊದಲಿನಷ್ಟೇ ತಿಳಿಯುತ್ತದೆ. ‘ವಾಟ್ ಡು ಯು ಮೀನ್ ಬೈ’ ಎಂದು ಆರಂಭಿಸಿ ತಿಳಿಯದ ಪದವನ್ನು ಕೊನೆಗೆ ಸೇರಿಸುವುದೇ ಅಲ್ಲಿ ಸರಿಯಾದ ದಾರಿ. ಹೊರಗೆ ಮಳೆ ಸುರಿದು ತಗಡಿನ ಮಾಡಿನ ಮೇಲೆ ಸದ್ದು ಎದ್ದ ಸಂಜೆಗಳಲ್ಲಿ ಮೊದಲನೆಯ ಬಗೆಯ ಅಭ್ಯಾಸಕ್ಕೆ ಬೇರೆ ಏರ್ಪಾಡೇ ಬೇಕಿರಲಿಲ್ಲ.

ಈ ತರಗತಿಯ ಜೀವಾಳವೆನ್ನಬಹುದಾದ ಅಭ್ಯಾಸವೊಂದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶಿಕ್ಷಕಿ ಕೋಣೆಯ ಆ ತುದಿಯಲ್ಲಿ, ಕಿಟಕಿಯ ಬಳಿ ನಿಂತು ಅತಿಥಿಯಂತೆ ಮಾತನಾಡುತ್ತಾರೆ. ಒಂದು ಪದ ಬಂದಾಗ ಮಾತ್ರ ಕೈಯಲ್ಲಿರುವ ನೋಟ್‌ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು, ಆ ಪದವನ್ನು ಗೊಣಗಿ ಮುಂದೆ ಹೋಗುತ್ತಾರೆ. ‘ವಿ ಆರ್ ಅರೈವಿಂಗ್ ಆನ್ ಸ್ಯಾಟರ್ಡೇ ಅಟ್...’ ಎಂದು ಗೊಣಗಿದರೆ ನಾವು ‘ಪಾರ್ಡನ್?’ ಎನ್ನುವಂತಿಲ್ಲ, ‘ಸ್ಯಾಟರ್ಡೇ ಅಟ್ ವಾಟ್ ಟೈಮ್?’ ಎಂದು ಕೇಳಬೇಕು. ‘ಮೈ ಸನ್ ಈಸ್ ಅಲರ್ಜಿಕ್ ಟು...’ ಎಂದು ನಿಂತರೆ ‘ಅಲರ್ಜಿಕ್ ಟು ವಾಟ್?’ ಎಂದು ಕೇಳಬೇಕು. ತಿಳಿದ ಭಾಗವನ್ನು ತಿರುಗಿ ಹೇಳಿ, ತಿಳಿಯದ ಜಾಗದಲ್ಲಿ ಮಾತ್ರ ಪ್ರಶ್ನೆ ಇಡುವುದು ಇದರ ಕ್ರಮ. ಹೀಗೆ ಕೇಳಿದಾಗ ಎದುರಿನವರು ಇಡೀ ಮಾತನ್ನು ಮತ್ತೆ ಹೇಳಬೇಕಾಗುವುದಿಲ್ಲ. ನಾವು ಇಷ್ಟನ್ನಾದರೂ ಸರಿಯಾಗಿ ಕೇಳಿಸಿಕೊಂಡಿದ್ದೇವೆ ಎಂಬ ಭರವಸೆಯೂ ಅವರಿಗೆ ಸಿಗುತ್ತದೆ.

ತಂಡದಲ್ಲಿ ಮಾಂದಲ್‌ಪಟ್ಟಿಗೆ ಜೀಪ್ ಓಡಿಸುವ ಯುವಕನೊಬ್ಬನಿದ್ದ. ‘ಮೇಡಂ, ಇಡೀ ಮಾತೇ ಅರ್ಥವಾಗದಿದ್ದರೆ ಎಲ್ಲಿ ಅಂತ ಕೇಳೋದು?’ ಎಂದು ಅವನು ಕೇಳಿದ್ದು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಆಗಿತ್ತು. ‘ಒಂದು ಪದವಾದರೂ ಸಿಕ್ಕೇ ಸಿಗುತ್ತದಪ್ಪ, ಅದನ್ನೇ ಹಿಡಿದುಕೋ. ಯು ಸೇಡ್ ಸನ್‌ರೈಸ್? ಅಂತ ಕೇಳು. ಅಲ್ಲಿಂದ ಮುಂದಿನದನ್ನು ಅವರೇ ಬಿಡಿಸಿ ಹೇಳುತ್ತಾರೆ’ ಎಂದರು ಶಿಕ್ಷಕಿ.

ಈ ಕ್ರಮಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಭಾಷಾವಿಜ್ಞಾನಿ ಮಾರ್ಕ್ ಡಿಂಗೆಮಾನ್ಸೆ ಮತ್ತು ಅವರ ಸಂಗಡಿಗರು 12 ಭಾಷೆಗಳ ದಿನನಿತ್ಯದ ಸಂಭಾಷಣೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ತಮ್ಮ ಭಾಷೆಯಲ್ಲೇ ಮಾತನಾಡುವಾಗಲೂ ಜನರು ಸರಾಸರಿ 1.4 ನಿಮಿಷಕ್ಕೊಮ್ಮೆ ‘ಏನು?’, ‘ಯಾರು?’, ‘ಇದೇ ತಾನೆ?’ ಎಂಬಂತಹ ಪ್ರಶ್ನೆ ಕೇಳಿ ಮಾತನ್ನು ಸರಿಪಡಿಸಿಕೊಳ್ಳುತ್ತಾರೆ. ಅಷ್ಟೇ ಅಲ್ಲ, ಸಾಧ್ಯವಿದ್ದಾಗಲೆಲ್ಲ ಬರಿಯ ‘ಏನು?’ ಎನ್ನುವ ಬದಲು ಅತ್ಯಂತ ನಿರ್ದಿಷ್ಟವಾದ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತಾರೆ. ಇಂಗ್ಲಿಷ್ ಕಲಿಯುವವರು ಅರ್ಥವಾಗಲಿಲ್ಲವೆಂದು ಹೇಳಲು ನಾಚುವುದಕ್ಕೆ ಕಾರಣವೇ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ನಾಡಿನಲ್ಲಿ ಕೇಳಿ ತಿಳಿದುಕೊಳ್ಳುವ ಈ ಪಾಠ ನಿಜಕ್ಕೂ ಸುಲಭವಾಗಬೇಕು. ಸಂತೆಯಲ್ಲಿ ಸಲೀಸಾಗಿ ಕೇಳುವ ಅದೇ ಜನರು ಇಂಗ್ಲಿಷ್ ಎಂದೊಡನೆ ಬಾಯಿ ಕಟ್ಟಿಕೊಳ್ಳುವುದು ನನಗೆ ಬಹಳ ಬೇಸರದ ಸಂಗತಿ.

ಗಾಳಿಬೀಡಿನ ಕಡೆ ಹೋಂಸ್ಟೇ ನಡೆಸುವ ಅಕ್ಕನೊಬ್ಬರಿಗೆ ಈ ಪಾಠ ಹೇಗೆ ನೆರವಾಯಿತು ಎಂಬುದನ್ನು ಅವರೇ ತರಗತಿಯಲ್ಲಿ ಹೇಳಿದರು. ಅತಿಥಿಯೊಬ್ಬರು ತಮಗೆ ‘ಗ್ಲುಟನ್ ಫ್ರೀ’ ಊಟ ಬೇಕೆಂದಿದ್ದಾರೆ. ಹಿಂದೆಲ್ಲ ಇಂತಹ ಪದ ಬಂದಾಗ ಅವರು ‘ಓಕೆ’ ಎಂದು ಅಡುಗೆಮನೆಗೆ ಹೋಗಿ ಮಗಳಿಗೆ ಫೋನ್ ಮಾಡುತ್ತಿದ್ದರಂತೆ. ಈ ಸಲ ಅಲ್ಲೇ ನಿಂತು ‘ಸಾರಿ, ವಾಟ್ ಡು ಯು ಮೀನ್ ಬೈ ಗ್ಲುಟನ್ ಫ್ರೀ?’ ಎಂದು ಕೇಳಿದ್ದಾರೆ. ಗೋಧಿ, ಬಾರ್ಲಿಯಂತಹ ಧಾನ್ಯಗಳಲ್ಲಿರುವ ಅಂಶವೊಂದು ತಮ್ಮ ದೇಹಕ್ಕೆ ಒಗ್ಗುವುದಿಲ್ಲ ಎಂದು ಅತಿಥಿ ವಿವರಿಸಿದಾಗ, ಅಕ್ಕ ‘ಸೋ, ನೋ ವೀಟ್. ರೈಸ್ ಈಸ್ ಓಕೆ?’ ಎಂದು ಖಚಿತಪಡಿಸಿಕೊಂಡಿದ್ದಾರೆ. ಅಕ್ಕಿ ಒಟ್ಟಿ, ನೂಲ್‌ಪುಟ್ಟು, ಕಡಂಬುಟ್ಟು ಎಲ್ಲವೂ ಅಕ್ಕಿಯವೇ ಆದ್ದರಿಂದ ಚಪಾತಿಯೊಂದನ್ನು ಬಿಟ್ಟರೆ ಅವರ ಅಂದಿನ ಅಡುಗೆಯಲ್ಲಿ ಬದಲಿಸಬೇಕಾದದ್ದೇ ಇರಲಿಲ್ಲ. ‘ಸೋ’ ಎಂದು ಆರಂಭಿಸಿ ತಮಗೆ ತಿಳಿದದ್ದನ್ನು ತಿರುಗಿ ಹೇಳಿ ಒಪ್ಪಿಸಿಕೊಂಡ ಆ ಕೊನೆಯ ಹೆಜ್ಜೆಯನ್ನೂ ಇಲ್ಲಿ ಬಿಡದೆ ಕಲಿಸುತ್ತಾರೆ ಎಂಬುದನ್ನು ಗಮನಿಸಬೇಕು. ಪ್ರಶ್ನೆ ಕೇಳಿ ಉತ್ತರ ಪಡೆದ ಮಾತ್ರಕ್ಕೆ ಅವರು ಯಾರನ್ನೂ ಕುಳಿತುಕೊಳ್ಳಲು ಬಿಡುವುದಿಲ್ಲ.

ದನಿಯ ವಿಷಯದಲ್ಲಿಯೂ ಅವರದು ಕಟ್ಟುನಿಟ್ಟು. ‘ಸಾರಿ’ ಎಂಬುದನ್ನು ದನಿ ಏರಿಸಿ ಹೇಳಿದರೆ ಮತ್ತೊಮ್ಮೆ ಹೇಳಿ ಎಂದಾಗುತ್ತದೆ, ಇಳಿಸಿ ಹೇಳಿದರೆ ಕ್ಷಮೆ ಕೇಳಿದಂತಾಗಿ ಎದುರಿನವರು ‘ಪರವಾಗಿಲ್ಲ’ ಎಂದು ಸುಮ್ಮನಾಗುತ್ತಾರೆ. ಬರಿಯ ‘ವಾಟ್?’ ಎನ್ನುವುದನ್ನು ಅಪರಿಚಿತರ ಮುಂದೆ ಬಳಸಬೇಡಿ ಎನ್ನುತ್ತಾರೆ. ನಾವು ‘ಏನಂದ್ರಿ?’ ಎಂದಾಗ ಗೌರವವು ಕ್ರಿಯಾಪದದಲ್ಲೇ ಕುಳಿತಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಅನುಕೂಲವಿಲ್ಲವಾದ್ದರಿಂದ ‘ಕುಡ್ ಯು’, ‘ಪ್ಲೀಸ್’, ‘ಸಾರಿ’ಗಳ ಮೂಲಕವೇ ಗೌರವ ತೋರಿಸಬೇಕಾಗುತ್ತದೆ. ‘ಐ ಬೆಗ್ ಯುವರ್ ಪಾರ್ಡನ್’ ಎಂಬುದು ತಪ್ಪಲ್ಲವಾದರೂ ಇಂದಿನ ಮಾತಿಗೆ ತೀರ ಔಪಚಾರಿಕ. ಅವರು ಹಂಚುವ ಜೆರಾಕ್ಸ್ ಹಾಳೆಯಲ್ಲಿ ಅದನ್ನೇ ಮೊದಲಿಗೆ ಇಟ್ಟಿರುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಸಂಖ್ಯೆಗಳ ಪಾಠ ಚಿಕ್ಕದು, ಆದರೆ ಅಮೂಲ್ಯವಾದದ್ದು. ಫಿಫ್ಟೀನ್, ಫಿಫ್ಟಿಗಳ ನಡುವಿನ ಗೊಂದಲ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಲ್ಲಿಯೂ ಇದೆ. ಔಷಧದ ಪ್ರಮಾಣವನ್ನು ಬಾಯಿಮಾತಿನಲ್ಲಿ ಹೇಳುವಾಗ ಅಂಕಿಗಳನ್ನು ಬಿಡಿಬಿಡಿಯಾಗಿ ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಹೇಳುವುದು ಮತ್ತು ಕೇಳಿದವರು ಅದನ್ನು ತಿರುಗಿ ಓದಿ ಒಪ್ಪಿಸುವುದು ಆಸ್ಪತ್ರೆಗಳಲ್ಲಿ ಸುರಕ್ಷತೆಗಾಗಿ ಪಾಲಿಸುವ ಕ್ರಮ. ನಮ್ಮ ತಂಡದಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿಗೆ ಈ ಕ್ರಮ ಮೊದಲೇ ಗೊತ್ತಿತ್ತು. ‘ಡಿಡ್ ಯು ಸೇ ಒನ್ ಫೈವ್ ಆರ್ ಫೈವ್ ಜೀರೋ?’ ಎಂಬ ಪ್ರಶ್ನೆಯನ್ನು ಅವಳ ಬಾಯಿಂದಲೇ ಎಲ್ಲರೂ ಕಲಿತೆವು.

ಸೈನಿಕರ ನಾಡಾದ ಕೊಡಗಿನ ಯಾವ ತರಗತಿಯಲ್ಲಾದರೂ ಒಬ್ಬ ಮಾಜಿ ಸೈನಿಕರು ಇದ್ದೇ ಇರುತ್ತಾರೆ. ನಮ್ಮಲ್ಲಿಯೂ ಒಬ್ಬ ನಿವೃತ್ತ ಸುಬೇದಾರರಿದ್ದರು. ಸೇನೆಯ ವೈರ್‌ಲೆಸ್ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಎನ್ನಲು ‘ಸೇ ಅಗೇನ್’ ಎಂದೇ ಏಕೆ ಹೇಳುತ್ತಾರೆ, ‘ರಿಪೀಟ್’ ಎಂದು ಏಕೆ ಹೇಳುವುದಿಲ್ಲ ಎಂಬುದನ್ನು ಅವರು ವಿವರಿಸಿದರು: ಫಿರಂಗಿ ದಳದವರಿಗೆ ‘ರಿಪೀಟ್’ ಎಂದರೆ ಅದೇ ಗುರಿಗೆ ಮತ್ತೆ ಗುಂಡು ಹಾರಿಸಿ ಎಂಬ ಆಜ್ಞೆ. ಹೆಸರುಗಳ ಅಕ್ಷರ ಹೇಳಲು ಆಲ್ಫಾ, ಬ್ರಾವೋ, ಚಾರ್ಲಿ ಎಂಬ ಪದಮಾಲೆಯನ್ನೂ ಅವರೇ ನಮಗೆ ಬರೆಸಿದರು. ವಿದ್ಯಾರ್ಥಿಯೊಬ್ಬರ ಅನುಭವಕ್ಕೆ ತಮ್ಮ ಪಾಠವನ್ನು ಬದಿಗಿಟ್ಟು ಜಾಗ ಮಾಡಿಕೊಟ್ಟ ಶಿಕ್ಷಕಿಯ ಮೇಲೆ ನನ್ನ ಗೌರವ ಆ ಸಂಜೆ ಇನ್ನೂ ಹೆಚ್ಚಿತು.

ಇನ್ನು ಕೊರತೆಗಳು. ಇಲ್ಲಿ ಕೇಳಸಿಗುವುದು ಶಿಕ್ಷಕಿಯೊಬ್ಬರ ಇಂಗ್ಲಿಷ್ ಮಾತ್ರ. ಅದು ನಿಧಾನವಾದ, ಪದಪದವೂ ಬಿಡಿಬಿಡಿಯಾಗಿ ಕೇಳುವ, ನಮ್ಮ ಕಿವಿಗೆ ಒಗ್ಗಿದ ಇಂಗ್ಲಿಷ್. ಹೊರಗಿನ ಅತಿಥಿಗಳು ಹಾಗೆ ಮಾತನಾಡುವುದಿಲ್ಲ. ಅವರ ಬಾಯಲ್ಲಿ ‘ಡಿಡ್ ಯು’ ಎಂಬುದು ‘ಡಿಜು’ ಎಂದೂ ‘ವಾಂಟ್ ಟು’ ಎಂಬುದು ‘ವಾನ’ ಎಂದೂ ಕೂಡಿಕೊಂಡು ಬರುತ್ತದೆ. ನಮಗೆ ಗೊತ್ತಿರುವ ಪದಗಳೇ ಹೀಗೆ ಗುರುತು ಸಿಗದಂತಾಗುವುದನ್ನು ಧ್ವನಿಮುದ್ರಣ ಕೇಳಿಸಿ ಪರಿಚಯಿಸದಿದ್ದರೆ, ಕೇಳುವ ಪ್ರಶ್ನೆಗಳನ್ನೆಲ್ಲ ಕಲಿತವರೂ ಪ್ರತಿ ವಾಕ್ಯಕ್ಕೂ ಪ್ರಶ್ನೆಯನ್ನೇ ಕೇಳುತ್ತ ಕೂರಬೇಕಾದೀತು. ಕೈಯಲ್ಲಿ ಮೊಬೈಲ್ ಇಲ್ಲದವರೇ ಇಲ್ಲದ ಈ ಕಾಲದಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟು ಬೇರೆ ಬೇರೆ ದೇಶದವರ ದನಿ ಕೇಳಿಸುವುದು ಕಷ್ಟದ ಕೆಲಸವೇನಲ್ಲ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಫೋನ್ ಸಂಭಾಷಣೆಯ ಅಭ್ಯಾಸ ಇಲ್ಲಿಲ್ಲ. ಬುಕಿಂಗ್ ವಿಚಾರಣೆಗಳು ಹೆಚ್ಚಾಗಿ ಬರುವುದೇ ಫೋನಿನಲ್ಲಿ. ಅಲ್ಲಿ ಎದುರಿನವರ ತುಟಿಯ ಚಲನೆಯಾಗಲಿ ಕೈಸನ್ನೆಯಾಗಲಿ ಕಾಣುವುದಿಲ್ಲ. ಹಳೆಯ ಮಾದರಿಯ ದೂರವಾಣಿ ಜಾಲ 300ರಿಂದ 3,400 ಹರ್ಟ್ಸ್ ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುವುದರಿಂದ ಎಸ್, ಎಫ್ ಅಕ್ಷರಗಳನ್ನು ಬೇರ್ಪಡಿಸುವ ಮೇಲಿನ ಧ್ವನಿಯ ಬಹುಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಜೊತೆಗೆ ನಮ್ಮ ಗುಡ್ಡಗಾಡಿನ ಸಿಗ್ನಲ್ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ಹೀಗಿರುವಾಗ ‘ಹೌ ಡು ಯು ಸ್ಪೆಲ್ ದಟ್?’, ‘ಎಸ್ ಫಾರ್ ಸಿಯೆರಾ?’, ‘ದ ಲೈನ್ ಈಸ್ ಬ್ಯಾಡ್, ಕುಡ್ ಯು ಟೆಕ್ಸ್ಟ್ ಮಿ ದ ಡೀಟೇಲ್ಸ್?’ ಎಂಬ ಮಾತುಗಳನ್ನು ಎದುರುಬದುರು ಕುಳಿತು ಓದುವುದರಿಂದ ಸಾಲದು. ಒಬ್ಬರು ಕೋಣೆಯೊಳಗೆ, ಇನ್ನೊಬ್ಬರು ಹೊರಗಿನ ಮೆಟ್ಟಿಲ ಮೇಲೆ ನಿಂತು ನಿಜವಾಗಿಯೂ ಫೋನ್ ಮಾಡಿ ಅಭ್ಯಾಸ ಮಾಡಬೇಕು.

ಕೇಳುವ ಅಭ್ಯಾಸದ ಕೊರತೆಯನ್ನು ಮನೆಯಲ್ಲೇ ಒಂದಿಷ್ಟು ತುಂಬಿಕೊಳ್ಳಲು ದಾರಿಯಿದೆ. ಬಿಬಿಸಿಯವರು 1943ರಲ್ಲಿ ರೇಡಿಯೊ ಮೂಲಕ ಆರಂಭಿಸಿದ ಇಂಗ್ಲಿಷ್ ಪಾಠಗಳ ಇಂದಿನ ರೂಪವು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ಕೆಲವೇ ನಿಮಿಷಗಳ ಆ ಸಂಭಾಷಣೆಗಳನ್ನು ಮೊದಲು ಬರಹ ನೋಡದೆ ಕೇಳಿ, ಅನಂತರ ಬರಹದೊಡನೆ ಹೋಲಿಸಿದರೆ, ನಮ್ಮ ಕಿವಿ ಯಾವ ಜಾಗದಲ್ಲಿ ತಪ್ಪುತ್ತದೆ ಎಂಬುದು ಖಚಿತವಾಗಿ ತಿಳಿಯುತ್ತದೆ. ತರಗತಿಯ ಜೊತೆಜೊತೆಗೇ ಇದನ್ನು ಮಾಡಿದವರಿಗೆ ಹೆಚ್ಚಿನ ಪ್ರಯೋಜನವಾಗುತ್ತದೆ.

ಶುಲ್ಕ ತಿಂಗಳಿಗೆ 1,500 ರೂಪಾಯಿ. ಒಂದು ತಂಡದಲ್ಲಿ ಹತ್ತು ಹನ್ನೆರಡು ಜನರಿಗಿಂತ ಹೆಚ್ಚು ಇರುವುದಿಲ್ಲವಾದ್ದರಿಂದ ಪ್ರತಿಯೊಬ್ಬರಿಗೂ ಎದ್ದು ನಿಂತು ಮಾತನಾಡುವ ಸರದಿ ದಿನವೂ ಬರುತ್ತದೆ. ಆ ಲೆಕ್ಕದಲ್ಲಿ ಶುಲ್ಕ ನ್ಯಾಯವಾದದ್ದೇ. ಇಂಗ್ಲಿಷಿನ ಸಾಮಾನ್ಯ ವಾಕ್ಯಗಳನ್ನು ಓದಬಲ್ಲ, ಆದರೆ ಮಾತಿಗೆ ನಿಂತಾಗ ಅಳುಕುವ ಹೋಂಸ್ಟೇಯವರು, ಚಾಲಕರು, ಮಸಾಲೆ ಅಂಗಡಿಗಳಲ್ಲಿ ವ್ಯಾಪಾರಕ್ಕೆ ನಿಲ್ಲುವವರು ಕಣ್ಣುಮುಚ್ಚಿ ಸೇರಬಹುದು. ಅಕ್ಷರಮಾಲೆಯಿಂದಲೇ ಶುರುಮಾಡಬೇಕಾದವರಿಗೆ ಮಾತ್ರ ಇಲ್ಲಿನ ವೇಗ ಹೆಚ್ಚಾಗುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತರಗತಿಗೆ ಬಿಡುವು. ಕುಯ್ಲು ಮುಗಿದ ಮೇಲೆ ಹೊಸ ತಂಡ ಆರಂಭವಾಗುತ್ತದೆ. ಫೋನ್ ಅಭ್ಯಾಸವನ್ನು ಆ ತಂಡದಿಂದಲಾದರೂ ಸೇರಿಸಬೇಕೆಂದು ಶಿಕ್ಷಕಿಯವರಲ್ಲಿ ಕೇಳಿಕೊಂಡಿದ್ದೇನೆ, ಅವರು ನೋಡೋಣವೆಂದಿದ್ದಾರೆ. ಸೇರುವವರು ಹೆಸರು ಬರೆಸುವಾಗ ತಾವೂ ಅದನ್ನು ಕೇಳಿದರೆ ಒಳ್ಳೆಯದು.